ಹುಬ್ಬೆಯಿಂದ ಚಿತ್ತೆಯ ತನಕ

ಭಾದ್ರಪದದಲ್ಲಿ ಆಯಿ, ಅಂದರೆ ಅಮ್ಮ, ಫೋನ್ ಮಾಡಿದರೆ ಮೊದಲ ಪ್ರಶ್ನೆ ಒಂದೇ: "ತಮಾ, ನಾಳೆ ಮಳೆ ಬತ್ತಡ?"

ಬತ್ತಡ ಅಂದರೆ ಬರುತ್ತದಂತೆ. ಹವ್ಯಕರ ಆಡುಮಾತಿನ ಈ 'ಅಡ'ವೂ ಎಲ್ಲರ ಕನ್ನಡದ 'ಅಂತೆ'ಯೂ ಮಾಡುವ ಕೆಲಸ ಒಂದೇ. ಇದು ನಾನು ಕಣ್ಣಾರೆ ಕಂಡದ್ದಲ್ಲ, ಬಲ್ಲವರು ಹೇಳಿದ್ದನ್ನು ದಾಟಿಸುತ್ತಿದ್ದೇನೆ ಎಂದು ಅವು ಮೊದಲೇ ತಿಳಿಸಿಬಿಡುತ್ತವೆ. ಮಳೆಯ ಮುನ್ಸೂಚನೆ ಹೇಳುವುದಕ್ಕೆ ನಮ್ಮ ಮಾತಿನಲ್ಲೇ ಇಷ್ಟು ಪ್ರಾಮಾಣಿಕವಾದ ಬಾಲವೊಂದು ಇದೆ. ಆದರೆ ಆ ಬಲ್ಲವರು ಎಷ್ಟು ದಿನ ಮುಂಚೆ ಹೇಳಿದರು, ಎಷ್ಟು ಅಗಲದ ನೆಲಕ್ಕೆ ಹೇಳಿದರು ಎಂಬುದು 'ಅಂತೆ'ಯೊಳಗೆ ಕರಗಿಹೋಗುತ್ತದೆ. ಉತ್ತರ ಕನ್ನಡದ ಕರಾವಳಿಯಲ್ಲಿ ಮಳೆಗಾಲ ಸವೆದು ಶರದೃತು ಕಾಲಿಡುವ ಈ ಆರೇಳು ವಾರಗಳಲ್ಲಿ ಬೆಲೆಯಿರುವುದು ಆ ಎರಡು ಪ್ರಶ್ನೆಗಳಿಗೇ.

ಆಯಿಯ ಚಿಂತೆ ಅಡಿಕೆಯದು. ಕೊಳೆರೋಗ ತಡೆಯಲು ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಮಳೆಗಾಲದ ಆರಂಭದಲ್ಲೊಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಹೊಡೆಸಿ ಆಗಿರುತ್ತದೆ. ಮಳೆ ಬಿಡದಿದ್ದರೆ ಮೂರನೆಯ ಸಲವೂ ಬೇಕು. ಮದ್ದು ಅಡಿಕೆಯ ಕೊನೆಗೆ ಅಂಟಿ ಒಣಗಲು ಕೆಲವು ತಾಸು ಹೊಳ ಬೇಕು. ಮಳೆ ನಿಂತು ಆಕಾಶ ಬೆಳ್ಳಗಾಗುವ ಬಿಡುವಿಗೆ ನಮ್ಮ ಕಡೆ ಹೊಳ ಎನ್ನುತ್ತಾರೆ. ಮರ ಹತ್ತುವ ಕೊನೆಗೌಡರು ಸಿಗುವುದೇ ಕಷ್ಟ; ಅವರು ಬಂದ ದಿನವೇ ಮಳೆ ಹೊಡೆದರೆ ಕೂಲಿಯೂ ಮದ್ದೂ ನೀರು ಪಾಲು. ಹಾಗಾಗಿ ಅವಳಿಗೆ ಬೇಕಾದದ್ದು ಅರ್ಧ ದಿನದ ಭರವಸೆ. ತದಡಿಯಿಂದ ದೋಣಿ ಬಿಡುವವರಿಗೆ ಎರಡು ದಿನದ ಗಾಳಿಯ ಲೆಕ್ಕ ಬೇಕು. ಅಘನಾಶಿನಿಯ ಉಪ್ಪುನೀರಿನ ಗದ್ದೆಯಾದ ಗಜನಿಯಲ್ಲಿ ಕಗ್ಗ ತಳಿಯ ಭತ್ತ ಬೆಳೆಯುವವರಿಗೆ ತೆನೆ ಬಲಿತು ಕೊಯ್ಲಾಗುವವರೆಗಿನ ಎರಡು ಮೂರು ವಾರ ಗೊತ್ತಾಗಬೇಕು. ಗುಡ್ಡದ ಬುಡದಲ್ಲಿ ಮನೆ ಕಟ್ಟಿಕೊಂಡವರಿಗೆ ಒಂದೇ ಒಂದು ರಾತ್ರಿಯ ವಿಷಯ ತಿಳಿದರೆ ಸಾಕು. ಇವರೆಲ್ಲರೂ ಕೇಳುವುದು ಮಾತ್ರ ಒಂದೇ ವಾಕ್ಯ, ಮಳೆ ಬರುತ್ತದಂತಾ ಎಂದು.

ಈ ಬೇರೆ ಬೇರೆ ಅಳತೆಗಳನ್ನು ಒಂದೇ ಉತ್ತರದಲ್ಲಿ ತುಂಬಿದರೆ ಏನಾಗುತ್ತದೆ ಎಂಬುದಕ್ಕೆ 2009ನೇ ಇಸವಿಯನ್ನು ನೆನೆಯಬೇಕು.

ಅದು ಎಲ್ ನಿನೊ ವರ್ಷ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದಲ್ಲಿ ಬಿದ್ದ ಮಳೆ ವಾಡಿಕೆಗಿಂತ ಶೇ. 22ರಷ್ಟು ಕಡಿಮೆ; 1972ರ ನಂತರದ ಅತಿ ದೊಡ್ಡ ಕೊರತೆ. ಲೆಕ್ಕದ ಪುಸ್ತಕದಲ್ಲಿ ಅದು ಬರದ ವರ್ಷ ಎಂದೇ ಇದೆ. ಆದರೆ ಸೆಪ್ಟೆಂಬರ್ ಮುಗಿದು ಅಕ್ಟೋಬರ್ ಹುಟ್ಟುವ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ ಆಂಧ್ರವನ್ನು ದಾಟಿ ಉತ್ತರ ಕರ್ನಾಟಕದ ಮೇಲೆ ಬಂದು ಕೂತಿತು. ಕರ್ನೂಲು, ಮಂತ್ರಾಲಯ ನೀರಲ್ಲಿ ಮುಳುಗಿದವು. ಕೃಷ್ಣಾ, ತುಂಗಭದ್ರೆಯ ದಂಡೆಯ ಊರುಗಳು ಕೊಚ್ಚಿಹೋದವು. ಆ ಸುಳಿಗಾಳಿ ಅರಬ್ಬಿ ಸಮುದ್ರದಿಂದಲೂ ಮೋಡವನ್ನು ಎಳೆದುಕೊಂಡಿತು. ಅಕ್ಟೋಬರ್ 2ರಂದು ಕಾರವಾರದ ಹತ್ತಿರ ಕಡವಾಡದಲ್ಲಿ ಗುಡ್ಡ ಜಾರಿ ಮನೆಗಳ ಮೇಲೆ ಬಿತ್ತು. 19 ಜನ ಸತ್ತರು.

ಬರದ ವರ್ಷದಲ್ಲಿ, ಮಳೆಗಾಲದ ನಾಲ್ಕು ತಿಂಗಳ ಲೆಕ್ಕ ಮುಚ್ಚಿದ ಎರಡನೆಯ ದಿನ. ಋತುವಿನ ಸರಾಸರಿ ಆ ಒಂದು ದಿನದ ಬಗ್ಗೆ ಏನನ್ನೂ ಹೇಳಿರಲಿಲ್ಲ, ಹೇಳುವುದು ಅದರ ಕೆಲಸವೂ ಆಗಿರಲಿಲ್ಲ. ನಮ್ಮ ಕರಾವಳಿಯ ಶರತ್ಕಾಲವನ್ನು ಅರ್ಥ ಮಾಡಿಕೊಳ್ಳಬೇಕಾದ ಬಗೆ ಇದೇ ಎಂದು ನಾನು ನಂಬಿದ್ದೇನೆ. ಒಟ್ಟು ಮಳೆ ಎಷ್ಟೆಂಬುದು ಇಲ್ಲಿ ಎರಡನೆಯ ಮಾತು. ಅದು ಯಾವ ದಿನಗಳಲ್ಲಿ, ಎಷ್ಟು ತಾಸಿನಲ್ಲಿ ಸುರಿಯಿತು ಎಂಬುದೇ ಮೊದಲ ಮಾತು.

ಗಾಳಿ ದಿಕ್ಕು ಬದಲಿಸುವ ಹೊತ್ತು

ಜೂನ್, ಜುಲೈಯಲ್ಲಿ ಇಲ್ಲಿನ ಮಳೆಗೆ ಒಂದು ನಿಯತ್ತಿದೆ. ಸಮುದ್ರದ ಮೇಲೆ ಒಂದೂವರೆ ಕಿ.ಮೀ. ಎತ್ತರದಲ್ಲಿ ಬಲವಾಗಿ ಬೀಸುವ ಪಶ್ಚಿಮದ ಗಾಳಿ ನೀರಾವಿಯನ್ನು ಹೊತ್ತು ತಂದು ಘಟ್ಟಕ್ಕೆ ಒಡ್ಡುತ್ತದೆ. ಗಾಳಿ ಮೇಲೇರುತ್ತದೆ, ತಣಿಯುತ್ತದೆ, ಸುರಿಯುತ್ತದೆ. ದಕ್ಷಿಣ ಕನ್ನಡದಲ್ಲಿ ಘಟ್ಟಕ್ಕೂ ಕಡಲಿಗೂ ನಡುವೆ ಅಗಲವಾದ ನೆಲವಿದೆ. ಕಾರವಾರ, ಅಂಕೋಲೆಯ ಕಡೆ ಹಾಗಿಲ್ಲ, ಗುಡ್ಡದ ಕಾಲು ಹಲವೆಡೆ ಉಪ್ಪು ನೀರನ್ನೇ ಮುಟ್ಟುತ್ತದೆ. ಗುಜರಾತ್ ಕಡೆಯಿಂದ ಕೇರಳದವರೆಗೆ ಕರಾವಳಿಗುಂಟ ಮಲಗುವ ಕಡಿಮೆ ಒತ್ತಡದ ಪಟ್ಟಿ ಬಲಗೊಂಡ ವಾರ ಹಗಲು ರಾತ್ರಿ ಒಂದೇ ಸಮನೆ ಹೊಯ್ಯುತ್ತದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಸೇರಿದ ಕರಾವಳಿ ಉಪವಿಭಾಗಕ್ಕೆ ನಾಲ್ಕು ತಿಂಗಳಲ್ಲಿ ಬೀಳುವ ಮಳೆ 3,000 ಮಿ.ಮೀ. ಆಸುಪಾಸು. ಅದರಲ್ಲಿ ಸೆಪ್ಟೆಂಬರಿನ ಪಾಲು ಸಣ್ಣದು. ಜುಲೈಯಲ್ಲಿ ಬಿದ್ದದ್ದರ ಸುಮಾರು ಮೂರರಲ್ಲೊಂದು.

ಸೆಪ್ಟೆಂಬರ್ 22, 23ರ ಹೊತ್ತಿಗೆ ಸೂರ್ಯ ಭೂಮಧ್ಯರೇಖೆ ದಾಟಿ ದಕ್ಷಿಣಕ್ಕೆ ಹೋಗುತ್ತಾನೆ. ರಾಜಸ್ಥಾನ, ಪಾಕಿಸ್ತಾನದ ಮರಳುನೆಲದ ಮೇಲೆ ಬೇಸಿಗೆಯಿಡೀ ನಿಂತಿದ್ದ ಕಡಿಮೆ ಒತ್ತಡ ಸಡಿಲವಾಗುತ್ತದೆ. ಅದು ಎಳೆಯುತ್ತಿದ್ದ ಗಾಳಿಗೆ ಎಳೆತ ತಪ್ಪುತ್ತದೆ. ಮುಂಗಾರು ವಾಪಸಾಯಿತು ಎಂದು ಹವಾಮಾನ ಇಲಾಖೆ ಸುಮ್ಮನೆ ಘೋಷಿಸುವುದಿಲ್ಲ. ವಾಯವ್ಯ ಭಾರತದಲ್ಲಿ ಸತತ ಐದು ದಿನ ಮಳೆ ಇಲ್ಲದಿರಬೇಕು, ಕೆಳಹಂತದ ಗಾಳಿ ಅಪ್ರದಕ್ಷಿಣೆ ಬಿಟ್ಟು ಪ್ರದಕ್ಷಿಣೆಯಾಗಿ ಸುತ್ತತೊಡಗಬೇಕು, ಉಪಗ್ರಹದ ಚಿತ್ರದಲ್ಲಿ ತೇವ ಗಣನೀಯವಾಗಿ ಇಳಿದಿರಬೇಕು. ಮೊದಲು ಸೆಪ್ಟೆಂಬರ್ 1 ಎಂದಿದ್ದ ಪಶ್ಚಿಮ ರಾಜಸ್ಥಾನದ ವಾಡಿಕೆ ದಿನವನ್ನು 2020ರಲ್ಲಿ ಸೆಪ್ಟೆಂಬರ್ 17ಕ್ಕೆ ಬದಲಿಸಿದರು. ಮಳೆಗಾಲ ಈಚಿನ ದಶಕಗಳಲ್ಲಿ ತಡವಾಗಿ ಹೊರಡುತ್ತಿದೆ ಎಂಬುದನ್ನು ಇಲಾಖೆಯ ಪಂಚಾಂಗವೇ ಒಪ್ಪಿಕೊಂಡಂತಾಯಿತು. ಇಡೀ ದೇಶದಿಂದ ಅದು ಹೊರಟುಹೋಗುವ ವಾಡಿಕೆ ದಿನ ಅಕ್ಟೋಬರ್ 15. ನಮ್ಮ ಕಡಲ ದಂಡೆಗೆ ಅದು ವಿದಾಯ ಹೇಳುವುದು ಬಹುತೇಕ ಕೊನೆಯ ಸರದಿಯಲ್ಲಿ.

ಆ ನಡುವಿನ ಅವಧಿಯಲ್ಲಿ ಮಳೆಯ ಜಾತಿಯೇ ಬದಲಾಗುತ್ತದೆ. ಮೊದಲು ಪಡುವಣ ದಿಕ್ಕಿನಿಂದ, ಕಡಲ ಮೇಲಿಂದ ಬೆಳ್ಳಗೆ ತೆರೆ ಎಳೆದಂತೆ ಬರುತ್ತಿತ್ತು. ಈಗ ಬೆಳಗಿನಿಂದ ಬಿಸಿಲು ಚುರುಗುಟ್ಟುತ್ತದೆ, ಮಧ್ಯಾಹ್ನ ಘಟ್ಟದ ನೆತ್ತಿಯ ಮೇಲೆ ಕೋಸಿನ ಗಡ್ಡೆಯಂಥ ಮೋಡ ಎದ್ದು ನಿಲ್ಲುತ್ತದೆ, ಮೂಡಣ ಗಾಳಿ ಅದನ್ನು ಸಂಜೆಗೆ ಕೆಳಗಿಳಿಸುತ್ತದೆ. ಗುಡುಗು, ಸಿಡಿಲು, ಮುಕ್ಕಾಲು ಗಂಟೆಯ ಸುರಿತ, ಮತ್ತೆ ನಕ್ಷತ್ರ. ಪಕ್ಕದ ಊರಿನಲ್ಲಿ ನೆಲ ಒದ್ದೆ ಇರುವುದಿಲ್ಲ. ಹಸ್ತ, ಚಿತ್ತೆಗಳಲ್ಲಿ ಗದ್ದೆಯಲ್ಲಿರುವವರಿಗೆ ಸಿಡಿಲೇ ದೊಡ್ಡ ಅಪಾಯ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ', ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಎಂಬ ಆ್ಯಪ್‌ಗಳು ಇರುವುದೇ ಈ ಹೊತ್ತಿಗಾಗಿ. ಕೊಯ್ಲಿಗೆ ಹೋಗುವವರ ಫೋನಿನಲ್ಲಿ ಅವು ಇರಬೇಕು ಎಂದು ನಾನು ಕಂಡಕಂಡವರಿಗೆಲ್ಲ ಹೇಳುತ್ತೇನೆ.

ಇದರ ಮೇಲೆ ಮೂರನೆಯ ಬಗೆಯೊಂದಿದೆ. ಬಂಗಾಳ ಕೊಲ್ಲಿಯಲ್ಲಿ ಸೆಪ್ಟೆಂಬರ್ ತುಂಬ ವಾಯುಭಾರ ಕುಸಿತಗಳು ಹುಟ್ಟುತ್ತಿರುತ್ತವೆ. ಒಡಿಶಾ, ಛತ್ತೀಸಗಡದ ಹಾದಿ ಹಿಡಿದರೆ ಅವು ದೂರದಿಂದಲೇ ನಮ್ಮ ಪಡುವಣ ಗಾಳಿಗೆ ಬಲ ತುಂಬುತ್ತವೆ, ಎರಡು ಮೂರು ದಿನ ಆಷಾಢ ಮರಳಿದಂತಾಗುತ್ತದೆ. ಇನ್ನೂ ದಕ್ಷಿಣಕ್ಕೆ ಇಳಿದು ಆಂಧ್ರದ ಮೂಲಕ ಬಂದರೆ 2009ರಂಥ ದಿನ. ಯಾವ ಕುಸಿತ ಯಾವ ಹಾದಿ ಹಿಡಿದೀತು ಎಂಬುದು ಅದು ಹುಟ್ಟುವ ನಾಲ್ಕೈದು ದಿನ ಮೊದಲು ಸ್ಥೂಲವಾಗಿ ತಿಳಿಯುತ್ತದೆ, ಹುಟ್ಟಿದ ಮೇಲೆ ಇನ್ನಷ್ಟು ಸ್ಪಷ್ಟವಾಗುತ್ತದೆ. ತಿಂಗಳ ಮೊದಲೇ ಯಾರಿಗೂ ತಿಳಿಯುವುದಿಲ್ಲ.

ಮೂರು ಪೆಟ್ಟಿಗೆ, ನಾಲ್ಕು ಬಣ್ಣ

ಆಗಸ್ಟ್ ಕೊನೆಯ ದಿನ ಹವಾಮಾನ ಇಲಾಖೆ ಸೆಪ್ಟೆಂಬರಿನ ಮುನ್ನೋಟ ಕೊಡುತ್ತದೆ. ಮರುದಿನ ಪತ್ರಿಕೆಯಲ್ಲಿ 'ಸೆಪ್ಟೆಂಬರ್‌ನಲ್ಲಿ ವಾಡಿಕೆ ಮಳೆ' ಎಂಬ ತಲೆಬರಹ. ಇಡೀ ದೇಶಕ್ಕೆ ಆ ತಿಂಗಳ ದೀರ್ಘಾವಧಿ ಸರಾಸರಿ 167.9 ಮಿ.ಮೀ.; ಅದರ ಶೇ. 91ರಿಂದ 109ರೊಳಗೆ ಬಂದರೆ ವಾಡಿಕೆ ಎನ್ನುತ್ತಾರೆ. ಜೈಸಲ್ಮೇರನ್ನೂ ಭಟ್ಕಳವನ್ನೂ ಒಂದೇ ತಕ್ಕಡಿಗೆ ಹಾಕಿದ ಸಂಖ್ಯೆ ಅದು. ನಮಗೆ ಬೇಕಾದದ್ದು ಅದರ ಜೊತೆ ಬರುವ ಬಣ್ಣದ ನಕ್ಷೆ. ಅದನ್ನು ಓದುವ ಕ್ರಮ ಹೀಗೆ: ಹಿಂದಿನ ವರ್ಷಗಳ ಮಳೆಯನ್ನು ಹೆಚ್ಚು, ಮಧ್ಯಮ, ಕಡಿಮೆ ಎಂದು ಮೂರು ಸಮಪಾಲಿನ ಪೆಟ್ಟಿಗೆಗಳಲ್ಲಿ ಹಾಕಿಟ್ಟಿರುತ್ತಾರೆ. ಏನೂ ತಿಳಿಯದಿದ್ದರೆ ಮೂರಕ್ಕೂ ಸಮ ಅವಕಾಶ. ನಮ್ಮ ಜಿಲ್ಲೆಯ ಮೇಲೆ ನೀಲಿ ಬಣ್ಣ ಇದ್ದರೆ ಹೆಚ್ಚು ಮಳೆಯ ಪೆಟ್ಟಿಗೆಯ ಕಡೆ ತಕ್ಕಡಿ ವಾಲಿದೆ ಎಂದಷ್ಟೇ ಅರ್ಥ. ಉಳಿದೆರಡು ಪೆಟ್ಟಿಗೆಗಳು ಖಾಲಿಯಾಗಿಲ್ಲ.

ಈ ತಕ್ಕಡಿ ವಾಲುವುದು ಪೆಸಿಫಿಕ್‌ನ ಎಲ್ ನಿನೊ, ಲಾ ನಿನಾ, ಹಿಂದೂ ಮಹಾಸಾಗರದ ಪೂರ್ವ ಪಶ್ಚಿಮ ತುದಿಗಳ ಬಿಸಿಯ ವ್ಯತ್ಯಾಸ ಇಂಥವನ್ನು ನೋಡಿ. ಅದು ಹುಸಿ ವಿದ್ಯೆಯಲ್ಲ. ಹಿಮಾಲಯದ ಹಿಮವನ್ನು ನೋಡಿ ಬ್ಲಾನ್‌ಫರ್ಡ್ 1880ರ ದಶಕದಲ್ಲಿ ಮಳೆಯ ಮುನ್ಸೂಚನೆಗೆ ಕೈಹಾಕಿದಂದಿನಿಂದ ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲ ದುಡಿದು ಕಟ್ಟಿದ ವಿದ್ಯೆ. ಆದರೂ ಮಳೆಗಾಲದ ಬಾಲ ಅದಕ್ಕೆ ಇನ್ನೂ ಪೂರ್ತಿ ಸಿಕ್ಕಿಲ್ಲ. 2019ರಲ್ಲಿ ಆಗಸ್ಟ್ ಮತ್ತು ಸೆಪ್ಟೆಂಬರ್ ಸೇರಿ ವಾಡಿಕೆಯಷ್ಟು ಮಳೆ ಎಂದು ಮುನ್ನೋಟವಿತ್ತು, ಬಂದದ್ದು ಶೇ. 130. ಸೆಪ್ಟೆಂಬರ್ ಒಂದರಲ್ಲೇ ವಾಡಿಕೆಯ ಒಂದೂವರೆ ಪಟ್ಟು. 1917ರ ನಂತರ ಅಂಥ ಸೆಪ್ಟೆಂಬರ್ ಇರಲಿಲ್ಲ. ಆ ವರ್ಷ ಮುಂಗಾರು ರಾಜಸ್ಥಾನದಿಂದ ಕಾಲ್ತೆಗೆಯಲು ಶುರುಮಾಡಿದ್ದೇ ಅಕ್ಟೋಬರ್ 9ರಂದು. 2023ರಲ್ಲಿ ಇದರ ಇನ್ನೊಂದು ಮುಖ: ಆಗಸ್ಟ್‌ನಲ್ಲಿ ಶೇ. 36ರಷ್ಟು ಕೊರತೆ, 1901ರಿಂದ ದಾಖಲಾದ ಅತ್ಯಂತ ಒಣ ಆಗಸ್ಟ್. ಎಲ್ ನಿನೊ ಇದೆ, ಇನ್ನು ಮಳೆ ಮುಗಿಯಿತು ಎಂದು ಊರೂರಲ್ಲಿ ಮಾತಾಡಿದರು. ಸೆಪ್ಟೆಂಬರ್ ಬಂದು ವಾಡಿಕೆಗಿಂತ ಶೇ. 13 ಹೆಚ್ಚೇ ಸುರಿದು ಹೋಯಿತು.

ಸೆಪ್ಟೆಂಬರ್ ಮುಗಿಯುವಾಗ ಬರುವ ಹಿಂಗಾರು ಮುನ್ನೋಟದ ಬಗ್ಗೆ ಒಂದು ಎಚ್ಚರಿಕೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ 'ದಕ್ಷಿಣ ಪರ್ಯಾಯ ದ್ವೀಪ'ದ ಆ ಲೆಕ್ಕದಲ್ಲಿರುವುದು ತಮಿಳುನಾಡು, ಕರಾವಳಿ ಆಂಧ್ರ, ರಾಯಲಸೀಮೆ, ಕೇರಳ ಮತ್ತು ದಕ್ಷಿಣ ಒಳನಾಡು ಕರ್ನಾಟಕ. ಕರಾವಳಿ ಕರ್ನಾಟಕ ಅದರಲ್ಲಿಲ್ಲ. 'ಈ ಸಲ ಹಿಂಗಾರು ಜೋರು' ಎಂಬ ಸುದ್ದಿ ಓದಿ ಕುಮಟೆಯಲ್ಲಿ ಕೊಯ್ಲಿನ ದಿನ ಬದಲಿಸುವವರಿಗೆ ಇದು ಗೊತ್ತಿರಬೇಕು.

ಋತುವಿಗೂ ದಿನಕ್ಕೂ ನಡುವೆ ಒಂದು ಸೇತುವೆ ಇದೆ, ಅದನ್ನು ಬಳಸುವವರು ನಮ್ಮಲ್ಲಿ ಬಹಳ ಕಡಿಮೆ. ಪ್ರತಿ ಗುರುವಾರ ಹವಾಮಾನ ಇಲಾಖೆ ಮುಂದಿನ ನಾಲ್ಕು ವಾರಗಳ ಮುನ್ನೋಟ ಪ್ರಕಟಿಸುತ್ತದೆ. ಇದಕ್ಕೆ ಆಧಾರಗಳಲ್ಲೊಂದು ರೋಲಂಡ್ ಮ್ಯಾಡನ್, ಪಾಲ್ ಜೂಲಿಯನ್ ಎಂಬಿಬ್ಬರು 1971ರಲ್ಲಿ ಗುರುತಿಸಿದ ಮೋಡದ ಅಲೆ. ಭೂಮಧ್ಯರೇಖೆಯ ಬಳಿ ಪೂರ್ವಕ್ಕೆ ಸಾಗುತ್ತ ಮೂವತ್ತರಿಂದ ಅರವತ್ತು ದಿನಗಳಲ್ಲಿ ಭೂಮಿಯನ್ನೇ ಸುತ್ತಿ ಬರುವ ಅಲೆ ಅದು. ಅದು ಹಿಂದೂ ಮಹಾಸಾಗರದ ಮೇಲಿದ್ದಾಗ ನಮಗೆ ಮಳೆಯ ವಾರಗಳು, ದಾಟಿ ಹೋದ ಮೇಲೆ ಹೊಳದ ವಾರಗಳು ಬರುವ ಸಂಭವ ಹೆಚ್ಚು. ಮೊದಲೆರಡು ವಾರಗಳ ಮಾತಿಗೆ ಬೆಲೆ ಕೊಡಬಹುದು. ಭತ್ತ ಕೊಯ್ಯುವ ವಾರ ಆರಿಸಲು, ಮೂರನೇ ಮದ್ದಿಗೆ ಜನ ಹೇಳಿಡಲು ಇಷ್ಟು ಸಾಕು.

ಇನ್ನು ದಿನದ ಮುನ್ಸೂಚನೆ. 'ಕರಾವಳಿಯ ಬಹುತೇಕ ಕಡೆ ಸಾಧಾರಣ ಮಳೆ, ಒಂದೆರಡು ಕಡೆ ಭಾರಿ ಮಳೆ' ಎಂಬ ವಾಕ್ಯವನ್ನು ನಾವು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಪ್ರತಿ ಪದಕ್ಕೂ ಅಳತೆ ಇದೆ. ಮಳೆಮಾಪಕಗಳಲ್ಲಿ ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಕಡೆ ಮಳೆಯಾದರೆ 'ಬಹುತೇಕ ಕಡೆ'. ನಾಲ್ಕರಲ್ಲೊಂದು ಅಥವಾ ಅದಕ್ಕಿಂತ ಕಡಿಮೆ ಇದ್ದರೆ 'ಒಂದೆರಡು ಕಡೆ'. ದಿನವೊಂದರಲ್ಲಿ 64.5 ಮಿ.ಮೀ. ದಾಟಿದರೆ ಭಾರಿ, 115.6ರಿಂದ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ. ದಿನ ಎಂದರೆ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30. ಆದ್ದರಿಂದ ಎರಡನೇ ತಾರೀಕಿನ ರಾತ್ರಿ ಹೊಯ್ದ ಮಳೆ ಮೂರನೇ ತಾರೀಕಿನ ಲೆಕ್ಕದಲ್ಲಿ ಕಾಣುತ್ತದೆ. 'ಒಂದೆರಡು ಕಡೆ' ಎಂಬುದು ಜಾರಿಕೊಳ್ಳುವ ಮಾತೆಂದು ಹಲವರು ಸಿಟ್ಟಾಗುತ್ತಾರೆ. ನನಗೆ ಅದು ವಿಜ್ಞಾನಿಯ ಪ್ರಾಮಾಣಿಕ ಒಪ್ಪಿಗೆಯಾಗಿ ಕಾಣುತ್ತದೆ. ಗುಡುಗಿನ ಮೋಡವೊಂದರ ಅಗಲ ಕೆಲವೇ ಕಿ.ಮೀ.; ಹವಾಮಾನದ ಮಾದರಿಗಳ ಚೌಕ ಬಹುಕಾಲ 12 ಕಿ.ಮೀ. ಅಗಲ ಇತ್ತು. 2025ರ ಮೇ ತಿಂಗಳಲ್ಲಿ ಬಂದ 'ಭಾರತ್' ಮಾದರಿಯದು 6 ಕಿ.ಮೀ. ಅರ್ಧಕ್ಕೆ ಇಳಿದದ್ದು ದೊಡ್ಡ ಸಾಧನೆ. ಆದರೂ ಒಂದು ಚೌಕದೊಳಗೆ ನಮ್ಮ ಗುಡ್ಡ, ಹೊಳೆ, ಕಡಲು ಮೂರೂ ಸೇರಿಹೋಗುವ ನೆಲ ನಮ್ಮದು.

ಬಣ್ಣಗಳ ವಿಷಯಕ್ಕೆ ಬಂದರೆ ಹಸಿರಿಗೆ ಏನೂ ಬೇಡ, ಹಳದಿಗೆ ಗಮನ ಇಟ್ಟಿರಿ, ಕಿತ್ತಳೆಗೆ ಸಿದ್ಧರಾಗಿ, ಕೆಂಪಿಗೆ ಕೆಲಸ ಮಾಡಿ. ಕೆಂಪು ಅಲರ್ಟ್ ಎಂದರೆ ಶಾಲೆಗೆ ರಜೆ ಎಂಬಷ್ಟಕ್ಕೆ ನಮ್ಮ ತಿಳಿವಳಿಕೆ ನಿಂತುಬಿಟ್ಟಿರುವುದು ನನಗೆ ನೋವಿನ ಸಂಗತಿ.

ಅಪ್ಪಯ್ಯನ ಪುಸ್ತಕ

ಇಲಾಖೆಯ ಪ್ರಕಟಣೆಗಳು ಮನೆಮನೆ ತಲುಪುವ ಮುಂಚೆ ನಮ್ಮಲ್ಲಿ ಇನ್ನೊಂದು ಕ್ಯಾಲೆಂಡರ್ ಇತ್ತು, ಈಗಲೂ ಇದೆ. ಅಡಿಕೆ ತೋಟದವರ ಎಷ್ಟೋ ಮನೆಗಳಂತೆ ನಮ್ಮ ಮನೆಯಲ್ಲೂ ಅಂಗಳದಲ್ಲೊಂದು ಮಳೆಮಾಪಕ, ಜಗಲಿಯಲ್ಲೊಂದು ಉದ್ದನೆಯ ಲೆಕ್ಕದ ಪುಸ್ತಕ. ಅಪ್ಪಯ್ಯ ಬರೆಯುತ್ತಿದ್ದ ಆ ಪುಸ್ತಕದ ಪುಟಗಳಿಗೆ ತಿಂಗಳ ಹೆಸರಿಲ್ಲ, ಮಳೆಯ ಹೆಸರಿದೆ. ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಕ್ಕೆ ಒಂದೊಂದು ಪುಟ. ಆಗಸ್ಟ್ ಕೊನೆಗೆ ಹುಬ್ಬೆ ಶುರು, ಸೆಪ್ಟೆಂಬರ್ ನಡುವಿಗೆ ಉತ್ತರೆ, ಕೊನೆಗೆ ಹಸ್ತ, ಅಕ್ಟೋಬರ್ 10, 11ರ ಸುಮಾರಿಗೆ ಚಿತ್ತೆ. ಹದಿನಾಲ್ಕು ದಿನ ಎಂಬುದು ಬೇಸಾಯಕ್ಕೆ ಎಷ್ಟು ಹದವಾದ ಅಳತೆ ಎಂದು ಯೋಚಿಸಿದಷ್ಟೂ ಬೆರಗಾಗುತ್ತದೆ. ತಿಂಗಳು ದೊಡ್ಡದಾಯಿತು, ವಾರ ಚಿಕ್ಕದಾಯಿತು. ಇಂದಿನ ವಿಸ್ತರಿತ ಮುನ್ನೋಟ ಗಟ್ಟಿಯಾಗಿ ಮಾತಾಡಬಲ್ಲ ಅವಧಿಯೂ ಸರಿಸುಮಾರು ಅಷ್ಟೇ.

ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು ಎಂಬ ಗಾದೆ ಗದ್ದೆಯ ಅನುಭವ. ಆಗ ಭತ್ತಕ್ಕೆ ನೀರು ಬೇಕು. ಚಿತ್ತೆಯನ್ನು ಕುರುಡು ಎಂದರು, ಏಕೆಂದರೆ ಅದು ಎಲ್ಲಿ ಹೊಯ್ಯುತ್ತದೆ, ಎಲ್ಲಿ ಬಿಡುತ್ತದೆ ಎಂದು ಹೇಳಲಾಗದು. ಸಂಜೆಯ ಗುಡುಗುಮೋಡದ ಬಗ್ಗೆ ಮೇಲೆ ನಾಲ್ಕು ಸಾಲಿನಲ್ಲಿ ಹೇಳಿದ್ದನ್ನು ಹಳಬರು ಒಂದು ವಿಶೇಷಣದಲ್ಲಿ ಹೇಳಿ ಮುಗಿಸಿದ್ದಾರೆ.

ಆದರೆ ಈ ಕ್ಯಾಲೆಂಡರಿನ ಅಡಿಯಲ್ಲಿ ನೆಲ ಮೆಲ್ಲಗೆ ಜರುಗುತ್ತಿದೆ ಎಂಬುದನ್ನು ಬಹಳ ಜನ ಗಮನಿಸಿಲ್ಲ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನಕ್ಕೆ ತೂಗುವುದರಿಂದ ಸೂರ್ಯ ಅದೇ ನಕ್ಷತ್ರಕ್ಕೆ ಮರಳುವ ವರ್ಷವು ಋತುಗಳ ವರ್ಷಕ್ಕಿಂತ ಇಪ್ಪತ್ತು ನಿಮಿಷ ಉದ್ದ. ಎಪ್ಪತ್ತೊಂದು ವರ್ಷಕ್ಕೆ ಒಂದು ದಿನದಷ್ಟು ಎಂದು ಹಿಡಿದರೆ ಸಾವಿರ ವರ್ಷಕ್ಕೆ ಹದಿನಾಲ್ಕು ದಿನ, ಅಂದರೆ ಸರಿಯಾಗಿ ಒಂದು ನಕ್ಷತ್ರ. ಸಾವಿರ ವರ್ಷದ ಹಿಂದೆ ಹುಬ್ಬೆ ಎಂದು ಕರೆದ ಹೊತ್ತಿನ ಬಿಸಿಲು, ಗಾಳಿ, ಹಗಲಿನ ಉದ್ದ ಇಂದು ಮಘೆಯಲ್ಲಿದೆ. ಗಾದೆಗಳು ಸುಳ್ಳಾಗುತ್ತಿವೆ ಎಂದು ದೂರುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗಾದೆ ಕಟ್ಟಿದವರ ನೋಟ ಸರಿಯಾಗಿಯೇ ಇದ್ದೀತು. ಅವರು ಹೆಸರಿಟ್ಟ ಪುಟ ಮಾತ್ರ ಮುಂದಕ್ಕೆ ಸರಿದಿದೆ.

ಕಡಲು ಇಳಿಯುವ ಹೊತ್ತು

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆಗಸ್ಟ್ 1ಕ್ಕೆ ಕಾಗದದ ಮೇಲೆ ಕಡಲು ತೆರೆಯುತ್ತದೆ. ಆದರೆ ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಒಪ್ಪಿಸಿದ ಮೇಲೂ ಗಾಳಿ ಇಳಿಯದೆ ದೋಣಿಗಳು ಬೈತಖೋಲ್, ತದಡಿ, ಕಾಸರಕೋಡಗಳಲ್ಲಿ ಕಟ್ಟಿಕೊಂಡೇ ಇರುವ ದಿನಗಳು ಎಷ್ಟೋ. ಗಂಟೆಗೆ 45ರಿಂದ 55 ಕಿ.ಮೀ., ಆಗಾಗ 65ರವರೆಗೆ ಗಾಳಿ ಎಂಬ ಎಚ್ಚರಿಕೆ ಬಂದರೆ ಹೋಗಬಾರದು ಎಂಬುದಕ್ಕೆ ಎರಡು ಮಾತಿಲ್ಲ. ಸೆಪ್ಟೆಂಬರಿನ ವಿಶೇಷವೆಂದರೆ ಬೆಳಗಿನ ಕಡಲು ಹಾಲಿನಂತೆ ಶಾಂತವಾಗಿ ಕಂಡರೂ, ಮೂರು ದಿನದ ದೂರದ ಕುಸಿತವೊಂದು ಅದನ್ನು ಮತ್ತೆ ಕೆರಳಿಸಬಹುದು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಕೊಡುವ ಅಲೆಯ ಎತ್ತರದ ಮುನ್ಸೂಚನೆ ದಡದಲ್ಲಿ ನಿಂತು ಕಾಣುವುದಕ್ಕಿಂತ ಹೆಚ್ಚನ್ನು ಹೇಳುತ್ತದೆ.

ಈ ಹೊತ್ತಿನ ನೀರಿನೊಳಗೂ ಒಂದು ಋತುವಿದೆ. ಮಳೆಗಾಲದ ಗಾಳಿ, ಪ್ರವಾಹಗಳಿಂದ ಆಳದ ತಣ್ಣನೆಯ ನೀರು ದಂಡೆಯ ಕಡೆಗೆ ಮೇಲೇರುತ್ತದೆ. ಅದರಲ್ಲಿ ಗೊಬ್ಬರದಂಥ ಪೋಷಕಾಂಶ ಹೆಚ್ಚು, ಉಸಿರು ಕಡಿಮೆ. ಪೋಷಕಾಂಶ ಮೇಲೆ ಬಂದಲ್ಲಿ ಪಾಚಿಯ ಸೂಕ್ಷ್ಮಜೀವಿಗಳು ಹುಲುಸಾಗಿ, ಅವನ್ನು ತಿನ್ನಲು ತಾರ್ಲೆ, ಬಂಗುಡೆ ಬರುತ್ತವೆ. ಕಾರವಾರ, ಮಾಜಾಳಿಯ ರಂಪಣಿ ಬಲೆಗಳಿಗೆ ಅದೇ ಹಬ್ಬ. ಆದರೆ ಹೊಳೆಗಳು ತಂದ ಸಿಹಿನೀರು ಮೇಲೆ ತೆಳ್ಳನೆಯ ಮುಚ್ಚಳ ಹಾಕಿದ್ದರಿಂದ ಕೆಳಗಿನ ನೀರಿಗೆ ಗಾಳಿ ಸೇರುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ತಳದಲ್ಲಿ ಆಮ್ಲಜನಕ ಬಹುತೇಕ ಬತ್ತಿ, ಅಲ್ಲಿನ ಜೀವಿಗಳು ಜಾಗ ಬಿಡಬೇಕಾಗುತ್ತದೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದರ ತೀವ್ರತೆಯನ್ನು ಜಗತ್ತಿಗೆ ತೋರಿಸಿದರು. ಮುಂಗಾರು ತಡವಾಗಿ ಹೊರಟರೆ ಕಡಲಿನ ಈ ಉಸಿರುಗಟ್ಟಿನ ಅವಧಿ ಏನಾದೀತು ಎಂಬ ಪ್ರಶ್ನೆ ಮೀನುಗಾರರ ಮನೆಯ ಅನ್ನದ ಪ್ರಶ್ನೆ.

ಅಕ್ಟೋಬರಿಗೆ ಮೇಲ್ಮೈ ನೀರು ಮತ್ತೆ ಬಿಸಿಯೇರುತ್ತದೆ, ಸೆಖೆ ಮರಳುತ್ತದೆ. ಚಂಡಮಾರುತಗಳ ಎರಡನೆಯ ಋತು ಅದು. 2019ರ ಅಕ್ಟೋಬರ್ ಕೊನೆಯ ವಾರ, ದೀಪಾವಳಿಯ ಹೊತ್ತಿಗೆ 'ಕ್ಯಾರ್' ನಮ್ಮ ಕಡಲಾಚೆ ಎದ್ದು ಸೂಪರ್ ಸೈಕ್ಲೋನ್ ಆಗಿ ಬೆಳೆಯಿತು. ದಡಕ್ಕೆ ಬರದೆ ಪಶ್ಚಿಮಕ್ಕೆ ಹೋಯಿತು, ಆದರೆ ಅದರ ಗಾಳಿ ಮಳೆ ಕೊಯ್ದಿಟ್ಟ ಭತ್ತವನ್ನು ಬಿಡಲಿಲ್ಲ.

ಶೇಡಿ ಮಣ್ಣಿನ ನೆನಪು

ಸೆಪ್ಟೆಂಬರಿನ 150 ಮಿ.ಮೀ. ಮಳೆ ಜೂನ್‌ನ 150 ಮಿ.ಮೀ. ಮಳೆಯಂತಲ್ಲ. ಜೂನ್‌ನಲ್ಲಿ ನೆಲ ಬಾಯಾರಿರುತ್ತದೆ, ಜಲಾಶಯ ತಗ್ಗಿರುತ್ತದೆ, ಹೊಳೆ ಸಣ್ಣದಿರುತ್ತದೆ. ಸೆಪ್ಟೆಂಬರಿಗೆ ಮೂರೂ ತುಂಬಿರುತ್ತವೆ. ನಮ್ಮ ಗುಡ್ಡಗಳ ಮೇಲೆ ಜಂಬಿಟ್ಟಿಗೆಯ ಗಟ್ಟಿ ಟೋಪಿ, ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪಿನ ನುಣುಪಾದ ಶೇಡಿ ಮಣ್ಣು. ಒಣಗಿದಾಗ ಶೇಡಿ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ಹಾಗಾಗಿಯೇ ಅದನ್ನು ನೆಟ್ಟಗೆ ಕಡಿದು ರಸ್ತೆ, ಮನೆ ಮಾಡುತ್ತಾರೆ. ಬಿರುಕುಗಳಿಂದ ಇಳಿದ ಮೂರು ತಿಂಗಳ ನೀರನ್ನು ಕುಡಿದಾಗ ಅದೇ ಶೇಡಿ ಹಿಟ್ಟಿನಂತೆ ಮೆತ್ತಗಾಗಿ ಮೇಲಿನ ಭಾರ ಹೊರಲಾರದು. ಆಗ ಒಂದೇ ರಾತ್ರಿಯ ದೊಡ್ಡ ಮಳೆ ಸಾಕು. ಅದಕ್ಕೇ ಅಮಾವಾಸ್ಯೆ, ಹುಣ್ಣಿಮೆಯ ಉಬ್ಬರವೂ ಸೇರಿದರೆ ಹೊಳೆಗೆ ಕಡಲ ಬಾಗಿಲು ಮುಚ್ಚಿದಂತೆ, ಗಜನಿಗಳ ಕಟ್ಟೆ ಒಡೆಯುವುದೂ ಅಂಥ ದಿನವೇ.

2024ರ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಗಂಗಾವಳಿಯೊಳಗೆ ಹೋಯಿತು. ಚಹದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದ ಲಾರಿಗಳವರು, ಹೊಳೆಯಾಚೆಯ ಊರಿನ ಮನೆಗಳು, ಎಲ್ಲವನ್ನೂ ಅದು ಮುಟ್ಟಿತು. ಹೊಳೆಯ ಸೆಳವಿನಲ್ಲಿ ಮುಳುಗುಗಾರರಿಗೆ ನಿಲ್ಲಲಾಗಲಿಲ್ಲ. ಹುಡುಕಾಟ ನಿಂತು, ಮತ್ತೆ ಶುರುವಾಗಿ, ಮತ್ತೆ ನಿಂತಿತು. ಉತ್ತರೆಯಲ್ಲಿ ಮಳೆ ಹೊಳವಾಗಿ ನೀರು ಇಳಿದ ಮೇಲೆ ಗೋವಾದಿಂದ ಹೂಳೆತ್ತುವ ಯಂತ್ರ ಬಂತು. ಸೆಪ್ಟೆಂಬರ್ 25ಕ್ಕೆ, 71 ದಿನಗಳ ನಂತರ, ಹೊಳೆಯ ತಳದಿಂದ ಒಂದು ಲಾರಿಯೂ ಅದರೊಳಗೆ ಚಾಲಕನ ದೇಹವೂ ಸಿಕ್ಕಿತು. ಎರಡು ತಿಂಗಳಿಂದ ದಡದಲ್ಲಿ ಕಾಯುತ್ತಿದ್ದವರಿಗೆ ಶರದೃತುವಿನ ಮುನ್ನೋಟ ಎಂಬುದಕ್ಕೆ ಬೇರೆಯೇ ಅರ್ಥವಿತ್ತು.

ಹಾಗಾಗಿ ಗುಡ್ಡದ ಬುಡದಲ್ಲಿರುವವರಿಗೆ ನನ್ನ ಮಾತು ಇಷ್ಟು. ಋತುವಿನ ಮುನ್ನೋಟ ಏನೇ ಹೇಳಲಿ, ಹುಬ್ಬೆಯಿಂದ ಚಿತ್ತೆಯ ತನಕ ನಾಲ್ಕೈದು ದಿನ ಮುಂದಿನ ಬಂಗಾಳ ಕೊಲ್ಲಿಯನ್ನು ನೋಡುತ್ತಿರಿ. ಕಿತ್ತಳೆ ಬಣ್ಣ ಬಂದ ದಿನ ಹಗಲಿನಲ್ಲೇ ಮನೆ ಹಿಂದಿನ ಧರೆಯ ಮೇಲೆ ಹತ್ತಿ ನೋಡಿ ಬನ್ನಿ. ಹೊಸ ಬಿರುಕು ಕಂಡರೆ, ಮರ ವಾಲಿದ್ದರೆ, ತಿಳಿಯಾಗಿ ಬರುತ್ತಿದ್ದ ಒರತೆ ಕೆಂಪಗೆ ಬರತೊಡಗಿದರೆ ಅಥವಾ ಇದ್ದಕ್ಕಿದ್ದಂತೆ ನಿಂತರೆ ಕೆಂಪು ಅಲರ್ಟಿಗೆ ಕಾಯಬೇಡಿ. ಆ ರಾತ್ರಿ ನೆಂಟರ ಮನೆಯಲ್ಲಿ ಮಲಗಿ. ಏನೂ ಆಗದೆ ಬೆಳಗಾದರೆ ಮರಳಿ ಬಂದು ಹಟ್ಟಿಯ ಕೆಲಸ ನೋಡಿದರಾಯಿತು.

ಅಪ್ಪಯ್ಯ ಹೋದ ಮೇಲೆ ಪುಸ್ತಕ ಆಯಿಯ ಕೈಯಲ್ಲಿದೆ. ಹಾಲು ಕರೆದು ಬಂದು, ಗಾಜಿನ ಅಳತೆಗೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಸಂಖ್ಯೆ ಬರೆಯುತ್ತಾಳೆ. ಮೊನ್ನೆ ಅವಳಿಗೆ ಹೇಳಿದೆ: ಬುಧವಾರ ಒಂದೆರಡು ಕಡೆ ಭಾರಿ ಮಳೆ ಅಂತೆ, ಶುಕ್ರವಾರ ಹೊಳ ಆಗಬಹುದಂತೆ, ಕೊನೆಗೌಡರಿಗೆ ಶುಕ್ರವಾರಕ್ಕೇ ಹೇಳು. "ಆ ಒಂದೆರಡು ಕಡೆಲಿ ನಮ್ಮನೆ ಇದ್ದಡ?" ಎಂದು ಕೇಳಿದಳು. ಅದನ್ನು ಮಾತ್ರ ಗುರುವಾರ ಬೆಳಿಗ್ಗೆ ಎಂಟೂವರೆಗೆ ನೀನೇ ನನಗೆ ಹೇಳಬೇಕು ಎಂದೆ.